ಎದಿ ಆಪರೇಷನ್

ಹೆಚ್ಚೂಕಡಿಮೆ ಒಂದು ವರ್ಷ ನಾನು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಂಡೆ. ಅದೇ ಒಂದು ವರ್ಷ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಕಡೆಯ ನನ್ನ ಬಂಧುಬಳಗ ನನ್ನ ಹೃದ್ರೋಗಕ್ಕೆ ಆರೈಕೆ ಮಾಡಿತು. ನನ್ನ ಹೃದಯಕ್ಕೆ ಏನೂ ಆಗಿರಲಿಲ್ಲ, ಈಗಲೂ ಆಗಿಲ್ಲ. ಬೇಕೆಂದು ಯಾರೂ ಸುಳ್ಳು ಹೇಳಿದ್ದಲ್ಲ. ನಮ್ಮ ಕಡೆ ಎರಡಕ್ಕೂ ‘ಎದಿ’ ಅನ್ನುತ್ತಾರೆ. ಆದದ್ದು ಇಷ್ಟೇ.

ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನ ಗಂಡ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ನೌಕರಿ ಮಾಡುತ್ತಾರೆ. ನಮಗೆ ಮಕ್ಕಳಿಲ್ಲ. ಒಂದು ದಿನ ಸ್ನಾನ ಮಾಡುವಾಗ ಎಡಗಡೆ, ಕಂಕುಳಿನ ಬದಿಗೆ, ಸೋಪು ಹಚ್ಚಿದ ಕೈಗೆ ಹುಣಸೆ ಬೀಜದಷ್ಟು ಗಟ್ಟಿಯಾಗಿ ಏನೋ ತಗುಲಿತು. ಒತ್ತಿ ನೋಡಿದೆ. ನೋವಿರಲಿಲ್ಲ. ನೋವಿಲ್ಲವಲ್ಲ, ಹಾಗಾದರೆ ರೋಗವಲ್ಲ ಎಂದು ನಾನೇ ತೀರ್ಮಾನ ಕೊಟ್ಟುಕೊಂಡು ದಸರೆ ಕಳೆದೆ, ದೀಪಾವಳಿಯನ್ನೂ ಕಳೆದೆ. ಆಮೇಲೆ ಗೊತ್ತಾದದ್ದು, ಈ ಕಾಯಿಲೆಯ ಗಂಟು ಹೆಚ್ಚಾಗಿ ನೋಯುವುದೇ ಇಲ್ಲವಂತೆ.

ನಮ್ಮ ಪಕ್ಕದ ಮನೆಯಲ್ಲಿ ನನಗಿಂತ ಸಣ್ಣವಳಾದ ಒಬ್ಬ ಮುಸ್ಲಿಂ ಹೆಣ್ಣುಮಗಳಿದ್ದಾಳೆ. ಹಗಲೆಲ್ಲ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದುಡಿದು, ಸಂಜೆ ಮನೆಯಲ್ಲಿ ಓಣಿಯ ಹೆಂಗಸರಿಗೆ ಜಂಪರ್ ಹೊಲಿದುಕೊಡುತ್ತಾಳೆ. ಆಕೆ ಅಳತೆ ತೆಗೆಯುತ್ತಿದ್ದಾಗ ಮಾತಿಗೆ ಮಾತು ಬಂದು ಗಂಟಿನ ವಿಷಯ ಹೇಳಿದೆ. ಆಕೆ ಟೇಪನ್ನು ಕೆಳಗೆ ಬಿಟ್ಟಳು.

“ಯಾವಾಗಿಂದ ಐತಿ ಅಕ್ಕಾ?”

“ದಸರೆಯಿಂದ.”

“ದಸರಾದಿಂದ ಇಟ್ಕೊಂಡು ಕುಂತೀರಾ? ನಮ್ಮ ಖಾಲಾ, ಅಮ್ಮನ ತಂಗಿ, ಹಿಂಗ ಇಟ್ಕೊಂಡು ಇಟ್ಕೊಂಡ ಹೋಗಿಬಿಟ್ಳು. ಈ ಜಂಪರ್ ನಾ ಹೊಲಿಯಂಗಿಲ್ಲ. ಮೊದ್ಲು ಡಾಕ್ಟರಿಗೆ ತೋರ್ಸಿ ಬರ್ರಿ.”

ನಿಜವಾಗಿಯೂ ಆಕೆ ಹೊಲಿಯಲಿಲ್ಲ. ಬಟ್ಟೆಯನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು. ನನ್ನ ಗಂಡನ ಕಡೆಯ ಒಂದು ಮದುವೆ ಹತ್ತಿರ ಬಂದಿತ್ತು. ಹೊಸ ಸೀರೆಗೆ ಜಂಪರ್ ಬೇಕಾಗಿತ್ತು. ಹಾಗಾಗಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಶಸ್ತ್ರಚಿಕಿತ್ಸೆ ಮಾಡುವವರು. ನನ್ನ ಗಂಡನನ್ನೂ ಒಳಗೆ ಕರೆದು ಕೂರಿಸಿದರು. “ಗಂಟು ಅಂದ್ರೆಲ್ಲ ಕ್ಯಾನ್ಸರ್ ಅಲ್ರಿ ಅಮ್ಮಾ. ನೀರಿನ ಗಂಟಿರ್ತಾವ, ಕೊಬ್ಬಿನ ಗಂಟಿರ್ತಾವ. ಕೈಯಾಗ ಮುಟ್ಟಿ ಹೇಳಾಕ ಬರಂಗಿಲ್ಲ. ಎಕ್ಸರೇ ತೆಗೀಬೇಕು, ಸ್ಕ್ಯಾನ್ ಮಾಡ್ಬೇಕು, ಸೂಜಿಯಿಂದ ಒಂಚೂರು ತುಣುಕು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಮೂರೂ ಆದ ಮ್ಯಾಲೆ ಮಾತಾಡೋಣು,” ಎಂದರು.

ಎಕ್ಸರೇ ಅಂದರೆ ಮ್ಯಾಮೋಗ್ರಾಮ್. ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ. ರೊಟ್ಟಿ ತಟ್ಟುವ ಹಿಟ್ಟಿನ ಪಾಡು ಏನೆಂದು ಅವತ್ತು ತಿಳಿಯಿತು. ಯಂತ್ರದ ಹಿಂದೆ ನಿಂತ ಹುಡುಗಿ “ಮೇಡಂ, ನನ್ನ ಗುರುತು ಹತ್ತಿತೇನ್ರಿ?” ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ನಾನು ಹಾಗೆ ಸಿಕ್ಕಿಕೊಂಡು ನಿಂತಿರುವಾಗಲೇ ಆಕೆ ತನ್ನ ಮದುವೆ, ಗಂಡನ ಊರು, ಎಸ್ಸೆಸ್ಸೆಲ್ಸಿಯ ಕನ್ನಡದಲ್ಲಿ ಬಂದ ಅಂಕ ಎಲ್ಲ ಹೇಳಿ, ಕೊನೆಗೆ “ಉಸಿರು ಹಿಡೀರಿ ಮೇಡಂ” ಎಂದಳು. ಉಸಿರು ಆಗಲೇ ನಿಂತುಹೋಗಿತ್ತು.

ಕೆಲವು ದಿನಗಳ ನಂತರ ಪರೀಕ್ಷೆಯ ಫಲಿತಾಂಶ ಬಂತು. ಕ್ಯಾನ್ಸರ್. ಡಾಕ್ಟರು ಮೃದುವಾಗಿ, ಆದರೆ ಸುತ್ತುಬಳಸದೆ ಹೇಳಿದರು. ನನ್ನ ಗಂಡ ಮೇಜನ್ನೇ ನೋಡುತ್ತ, “ಮಕ್ಕಳಿಲ್ಲ ಅಂತ ಬಂತೇನ್ರಿ?” ಎಂದು ಕೇಳಿದರು.

“ಹಾಲುಣಿಸಿದವರಿಗೆ ಒಂದಿಷ್ಟು ಕಮ್ಮಿ ಬರ್ತೈತಿ ಅಂತಾರ. ಹಂಗಂತ ಆರು ಮಕ್ಕಳ ತಾಯಿಗೂ ಬಂದಿದ್ದು ನೋಡೀನಿ. ಇದ್ರಾಗ ಯಾರ ತಪ್ಪೂ ಇಲ್ಲ ಸರ್. ಬ್ಯಾಗ ಬಂದೀರಿ, ಅದು ಚಲೋ ಆತು.”

ಮಾಡಬೇಕಾದದ್ದನ್ನು ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಒಂದೇ ಸಣ್ಣ ಗಂಟಾಗಿದ್ದರೆ ಅಷ್ಟನ್ನೇ ತೆಗೆದು ಉಳಿದದ್ದನ್ನು ಉಳಿಸಿ, ಆಮೇಲೆ ವಿಕಿರಣ ಕೊಡಬಹುದಿತ್ತು. ನನಗೆ ಸ್ಕ್ಯಾನಿನಲ್ಲಿ ಬೇರೆ ಮೂಲೆಯಲ್ಲಿ ಇನ್ನೊಂದು ಗಂಟು ಕಂಡಿತ್ತು. ಹಾಗಾಗಿ ಪೂರ್ತಿ ತೆಗೆಯುವುದೇ ಒಳ್ಳೆಯದು. ಈ ಕಾಯಿಲೆ ಹರಡಿದರೆ ಮೊದಲು ಹೋಗುವುದು ಕಂಕುಳಿನ ಗ್ರಂಥಿಗಳಿಗೆ, ಆದ್ದರಿಂದ ಅಲ್ಲಿಯೂ ತೆಗೆದು ನೋಡಬೇಕು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ ಔಷಧಿ, ಕೊನೆಗೆ ವರ್ಷಗಟ್ಟಲೆ ದಿನಕ್ಕೊಂದು ಮಾತ್ರೆ. ನನ್ನ ಗಂಟು ದೇಹದ ಹಾರ್ಮೋನನ್ನು ತಿಂದು ಬೆಳೆಯುವ ಜಾತಿಯದಂತೆ, ಆ ಮಾತ್ರೆ ಅದರ ಊಟ ನಿಲ್ಲಿಸುತ್ತದಂತೆ. ನನಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದನ್ನು ಯಾರಿಗಾದರೂ ಹೇಳುವುದು ಹೇಗೆ ಎಂಬುದೊಂದು ಅರ್ಥವಾಗಲಿಲ್ಲ.

ಮರುದಿನ ನನ್ನ ಗಂಡ ರಜೆ ಕೇಳಲು ಕುಡತಿನಿಗೆ ಹೋದರು. ಸಾಹೇಬರು “ಯಾಕ್ರಿ, ಇಷ್ಟು ದಿನ ರಜೆ?” ಎಂದರಂತೆ. ಇವರ ಬಾಯಿಂದ ಆ ಪದ ಹೊರಡಲಿಲ್ಲ. ಪೆನ್ನು ಸಿಕ್ಕಿಸಿದ್ದ ತಮ್ಮ ಎಡಗಡೆಯ ಜೇಬನ್ನು ಮುಟ್ಟಿ ತೋರಿಸಿ, “ಮನಿಯಾಗ… ಇಲ್ಲಿ… ಎದಿ ಆಪರೇಷನ್ ಐತ್ರಿ,” ಅಂದರು.

“ಹಾರ್ಟಾ? ಬೈಪಾಸಾ?”

“ದೊಡ್ಡದ್ರಿ,” ಎಂದರು ನನ್ನ ಗಂಡ.

ಸಾಹೇಬರ ಕಾರಿನ ಡ್ರೈವರ್ ಸಿರುಗುಪ್ಪದವನು. ಸಿರುಗುಪ್ಪದಲ್ಲಿ ನನ್ನ ಅಣ್ಣ ಇದ್ದಾನೆ, ಅಕ್ಕಿ ವ್ಯಾಪಾರಿ. ಕೆಲವು ವರ್ಷದ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಆವತ್ತಿನಿಂದ ಅವನಿಗೆ ಅಕ್ಕಿಗಿಂತ ಹೃದಯದ ಮೇಲೆ ಆಸಕ್ತಿ ಜಾಸ್ತಿ. ತನ್ನಂತೆ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಆಗಬಹುದೆಂದು ಹೆದರಿದವರು ಎಲ್ಲರನ್ನೂ ಸೇರಿಸಿ ಒಂದು ವಾಕಿಂಗ್ ಬಳಗ ಕಟ್ಟಿ ತಾನೇ ಅಧ್ಯಕ್ಷನಾಗಿದ್ದ. ಸಂಜೆಯೊಳಗೆ ಅವನ ಫೋನ್ ಬಂತು.

“ತಂಗೀ, ನೀ ಹೆದರಬ್ಯಾಡ. ನಂದೂ ಎದೀನ, ಅಪ್ಪಂದೂ ಎದೀನ. ನಮ್ಮ ವಂಶಾನ ಎದಿ ವಂಶ.”

“ಅಣ್ಣಾ, ಎದಿ ಅಂದ್ರ ಆ ಎದಿ ಅಲ್ಲ…”

“ಮನಿಷಾಗ ಎಷ್ಟು ಎದಿ ಇರ್ತಾವವಾ?”

ನಾನು ಬಾಯಿ ತೆರೆದೆ. ಕುಚ, ಸ್ತನ, ಪಯೋಧರ ಎಂದು ಸಮಾನಾರ್ಥಕ ಪದಗಳೆಲ್ಲ ಸಾಲಾಗಿ ಬಂದು ನಾಲಿಗೆಯ ಮೇಲೆ ನಿಂತವು. ಒಂದೂ ಅಣ್ಣನಿಗೆ ಹೇಳುವಂತಹದಾಗಿರಲಿಲ್ಲ. “ಒಂದ ಅಣ್ಣಾ,” ಎಂದು ಫೋನಿಟ್ಟೆ.

ಆಪರೇಷನ್ ಆದ ಮರುದಿನ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದ. ನೇರವಾಗಿ ಹೃದಯ ವಿಭಾಗಕ್ಕೇ ಹೋಗಿದ್ದಾನೆ. ಅಲ್ಲಿ ನನ್ನ ಹೆಸರಿಲ್ಲ. “ನನ್ನ ತಂಗೀನ ಕಳದೀರಾ?” ಎಂದು ಅಲ್ಲಿಯ ನರ್ಸುಗಳೊಂದಿಗೆ ಜಗಳ ತೆಗೆದಿದ್ದ. ಕೊನೆಗೆ ನನ್ನ ಗಂಡ ಓಡಿಹೋಗಿ ಕರೆತಂದರು. ಹೆಂಗಸರ ವಾರ್ಡಿನಲ್ಲಿ ನನ್ನನ್ನು ಕಂಡು ಅಣ್ಣ, “ಅಲ್ಲಿ ಹಾಸಿಗಿ ಖಾಲಿ ಇಲ್ಲ, ಅದಕ್ಕ ಇಲ್ಲಿ ಹಾಕ್ಯಾರ,” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಾಯದ ನೀರು ಹರಿಯಲೆಂದು ನನಗೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟು, ಅದರ ತುದಿಗೆ ಡಬ್ಬಿ ಕಟ್ಟಿದ್ದರು. ಅಣ್ಣ ಬಗ್ಗಿ ನೋಡಿ ಅತ್ತಿಗೆಗೆ, “ನೋಡು, ಹೃದಯದ ಸುತ್ತ ನಿಂತ ನೀರು ತೆಗ್ಯಾಕ ಹತ್ಯಾರ. ನನಗ ಇದನ್ನ ಮಾಡ್ಲಿಲ್ಲ,” ಎಂದ. ಕೊನೆಯ ಮಾತಿನಲ್ಲಿ ಒಂದಿಷ್ಟು ಬೇಸರವಿತ್ತು.

ಅತ್ತಿಗೆ ನನ್ನ ಹಾಸಿಗೆಯ ಹತ್ತಿರ ನಿಂತು, ಹೊದಿಕೆಯ ಮೇಲಿಂದ ನನ್ನ ಎಡಭಾಗವನ್ನೇ ನೋಡುತ್ತಿದ್ದಳು. ಆಕೆ ಕಡಿಮೆ ಮಾತಿನವಳು. ಅಣ್ಣನ ಜೊತೆ ಬಾಳುವವರಿಗೆ ಮಾತಾಡಲು ಜಾಗ ಸಿಗುವುದೂ ಕಷ್ಟ.

ಮನೆಗೆ ಬಂದ ಮೇಲೆ ಮಾಡಲೆಂದು ನನಗೊಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಕಂಕುಳಿನ ಗ್ರಂಥಿ ತೆಗೆದ ಮೇಲೆ ತೋಳು ಬಿಗಿದುಕೊಳ್ಳುತ್ತದೆ. ಅದಕ್ಕೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ಹತ್ತಿಸಬೇಕು. ಎಡಗೈಯಲ್ಲಿ ಭಾರ ಎತ್ತಬಾರದು, ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬಾರದು. ಒಂದು ದಿನ ನಾನು ಪಡಸಾಲೆಯ ಗೋಡೆಗೆ ಬೆರಳು ಹತ್ತಿಸುತ್ತಿರುವಾಗ ಅಣ್ಣ ಬಂದ.

“ಇದೇನಿದು?”

“ಡಾಕ್ಟರು ಹೇಳ್ಯಾರ. ದಿನಾ ಮಾಡ್ಬೇಕಂತ.”

ಅಣ್ಣ ನನ್ನ ಪಕ್ಕ ನಿಂತು ತನ್ನ ಬೆರಳನ್ನೂ ಗೋಡೆಗಿಟ್ಟ. ಸ್ವಲ್ಪ ಹೊತ್ತು ಹತ್ತಿಸಿ ಕಣ್ಣು ಮುಚ್ಚಿದ. “ಹೌದು ನೋಡು. ಎಡಗೈ ಮ್ಯಾಲೆ ಹೋದಂಗೆಲ್ಲ ರಕ್ತ ಕೆಳಗ ಎದಿಗೆ ಇಳೀತೈತಿ. ಪಂಪ್ ಹೊಡದಂಗ. ನನ್ನ ಡಾಕ್ಟರಿಗೆ ಇದು ಗೊತ್ತ ಇಲ್ಲ,” ಎಂದ. ಆವತ್ತಿನಿಂದ ಅವನು ಎಡಗೈಯಲ್ಲಿ ಅಕ್ಕಿಯ ಚೀಲವಿರಲಿ, ನೀರಿನ ಚೊಂಬನ್ನೂ ಎತ್ತಲಿಲ್ಲವೆಂದು ಅತ್ತಿಗೆ ಆಮೇಲೆ ಹೇಳಿದಳು.

ಕೀಮೋ ಶುರುವಾಯಿತು. ಒಂದು ಔಷಧಿ ರೂಹಫ್ಜಾ ಶರಬತ್ತಿನ ಬಣ್ಣದ್ದು. ಅದು ಹೋದ ದಿನ ಉಚ್ಚೆಯೂ ಕೆಂಪು. ಬಾಯಿಗೆ ಏನಿಟ್ಟರೂ ಹಳೆಯ ಮೊಳೆ ಚೀಪಿದ ಹಾಗೆ. ಡಾಕ್ಟರು ಮೊಟ್ಟೆ, ಬೇಳೆ, ಮೊಸರು ಚೆನ್ನಾಗಿ ತಿನ್ನಿ ಎಂದರೆ, ಅಣ್ಣ ಸಿರುಗುಪ್ಪದಿಂದ ಬಸ್ಸಿನಲ್ಲಿ ಎಣ್ಣೆ, ಉಪ್ಪು ಎರಡೂ ಇಲ್ಲದ ಪಲ್ಯ ಮತ್ತು ಬೆಳ್ಳುಳ್ಳಿ ಕುದಿಸಿದ ಹಾಲು ಕಳಿಸುತ್ತಿದ್ದ. ಪಕ್ಕದ ಮನೆಯಾಕೆ ಆ ಹಾಲನ್ನು ಮೂಸಿ ನೋಡಿ, “ಇದನ್ನ ಕುಡುದ್ರ ಎದಿ ಚಲೋ ಇದ್ದವರಿಗೂ ನಿಲ್ತೈತಿ,” ಎಂದು ಹೇಳಿ ಪೇರಲ ಗಿಡಕ್ಕೆ ಹಾಕುತ್ತಿದ್ದಳು. ನಮ್ಮಿಬ್ಬರನ್ನು ಬಿಟ್ಟರೆ ಅವಳೊಬ್ಬಳಿಗೇ ನಿಜ ಗೊತ್ತಿದ್ದದ್ದು. ತನ್ನ ಮನೆಯಲ್ಲಿ ಮೊಟ್ಟೆ ಬೇಯಿಸಿ, ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲವೆಂದು ಗೊತ್ತಿದ್ದುದರಿಂದ, ಸೆರಗಿನ ಮರೆಯಲ್ಲಿ ತಂದು ಹಿತ್ತಲಲ್ಲಿ ನಿಲ್ಲಿಸಿ ತಿನ್ನಿಸುತ್ತಿದ್ದಳು. ಐವತ್ತು ದಾಟಿದ ಟೀಚರು ನಾನು, ಬಾಳೆಗಿಡದ ಹಿಂದೆ ನಿಂತು ಕಳ್ಳಿಯಂತೆ ಮೊಟ್ಟೆ ನುಂಗುತ್ತಿದ್ದೆ.

ಎರಡನೆಯ ಸರದಿಯ ಹೊತ್ತಿಗೆ ಕೂದಲು ಉದುರಿತು. ಬಾಚಣಿಗೆಯಲ್ಲಿ ಬಂತು, ದಿಂಬಿನ ಮೇಲೆ ಬಂತು, ಸಾರಿನಲ್ಲೂ ಬಂತು. ಕೊನೆಗೆ ಪೂರ್ತಿ ಬೋಳಿಸಿಕೊಂಡೆ. ಆವತ್ತೇ ಕುರುಗೋಡಿನಿಂದ ಅತ್ತೆ ಬಂದರು. ಬಾಗಿಲಲ್ಲಿ ನಿಂತು ನನ್ನ ತಲೆ ನೋಡಿದರು, ಮಗನ ಮುಖ ನೋಡಿದರು. ನನ್ನ ಗಂಡ ಒಂದು ಕ್ಷಣವೂ ತಡೆಯದೆ, “ತಿರುಪತಿಗೆ ಹೋಗಿದ್ವಿ ಅವ್ವಾ. ಮುಡಿ ಕೊಟ್ಟು ಬಂದ್ವಿ,” ಎಂದರು.

“ನಿನ್ನ ತಲಿ ಹಂಗ ಐತಲ್ಲ?”

“ಹರಕಿ ಆಕೀದು.”

ಅತ್ತೆ ಒಳಗೆ ಬಂದು ಕುಳಿತು ಕೈಚಾಚಿದರು. “ಪ್ರಸಾದ ಎಲ್ಲಿ?”

ನನ್ನ ಗಂಡ ‘ಗಾಡಿಯಲ್ಲಿದೆ’ ಎಂದು ಹೊರಗೆ ಹೋದವರು, ಬಜಾರಿನ ಮಿಠಾಯಿ ಅಂಗಡಿಯಿಂದ ಬೂಂದಿ ಲಾಡು ಕಟ್ಟಿಸಿಕೊಂಡು ಬೆವರುತ್ತ ಬಂದರು. ಅತ್ತೆ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

“ಇದ್ರಾಗ ಕಲ್ಲುಸಕ್ಕರಿ ಇಲ್ಲ,” ಎಂದರು.

“ಈಗ ಹಾಕಾಂಗಿಲ್ಲಂತ ಅವ್ವಾ.”

“ಪಚ್ಚಕರ್ಪೂರಾನೂ ಇಲ್ಲ.”

“ಆವಿ ಆಗೇತಿ. ದಾರಿ ದೂರ ಅಲ್ಲೇನು?”

ಅತ್ತೆ ಲಾಡು ಮುಗಿಸಿದರು. ಎರಡು ದಿನ ಇದ್ದು, ಹೋಗುವಾಗ ನನ್ನ ಬೋಳು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಹಳ ಹೊತ್ತು ತಿಕ್ಕಿದರು. “ಎದಿ ಆಪರೇಷನ್ನಿಗೆ ಹುಬ್ಬು ಯಾಕ ಉದುರ್ತಾವೋ ನನಗ ತಿಳೀವಲ್ದು,” ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಇದಕ್ಕೂ ಅಣ್ಣನ ಹತ್ತಿರ ಉತ್ತರವಿತ್ತು. ರಕ್ತ ತೆಳುವಾಗುವ ಮಾತ್ರೆ ತಿಂದರೆ ಕೂದಲ ಬುಡ ಸಡಿಲಾಗುತ್ತದೆ ಎಂದು ಫೋನಿನಲ್ಲಿ ಅತ್ತೆಗೆ ವಿವರಿಸಿದ. ಅದೇ ಮಾತ್ರೆ ತಿನ್ನುವ ಅವನ ತಲೆಯಲ್ಲಿ ಮಾತ್ರ ಕೂದಲು ಹುಲುಸಾಗಿತ್ತು.

ಕೀಮೋ ಮುಗಿದು ಶಾಲೆಗೆ ಮರಳುವ ಹೊತ್ತಿಗೆ ಪಕ್ಕದ ಮನೆಯಾಕೆ ನನಗೊಂದು ಹುಸಿ ಎದೆ ಹೊಲಿದುಕೊಟ್ಟಳು. ಅಂಗಡಿಯಲ್ಲಿ ಸಿಲಿಕಾನಿನದು ಸಿಗುತ್ತದೆಂದು ಡಾಕ್ಟರು ಹೇಳಿದ್ದರು, ಆದರೆ ಅದು ಬೇಸಿಗೆಯಲ್ಲಿ, ಅದೂ ಬಳ್ಳಾರಿಯ ಬೇಸಿಗೆಯಲ್ಲಿ, ಬೆಂದು ಹೋಗುವಷ್ಟು ಬಿಸಿಯಾಗುತ್ತಿತ್ತು. ಆಕೆ ಮೊದಲು ಹತ್ತಿ ತುಂಬಿದಳು. ತೂಕವಿಲ್ಲದ ಹತ್ತಿ ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಹೆಗಲ ಹತ್ತಿರ ಬಂದು ಕೂರುತ್ತಿತ್ತು. ಆಮೇಲೆ ತೂಕಕ್ಕೆಂದು ಸಾಸಿವೆ ತುಂಬಿದಳು. ಅದು ಇದ್ದಲ್ಲೇ ಇತ್ತು, ಆದರೆ ನಾನು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ‘ಸರ್ರ್’ ಎನ್ನುತ್ತಿತ್ತು. ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದ ದಿನ ಒಂದು ಹುಡುಗಿ ಎದ್ದು ನಿಂತು, “ಮೇಡಂ, ಕ್ಲಾಸಿನಾಗ ಹಾವು ಐತ್ರಿ,” ಎಂದಳು. ಹುಡುಗಿಯರೆಲ್ಲ ಬೆಂಚು ಹತ್ತಿದರು. ಜವಾನ ಕೋಲು ಹಿಡಿದು ಬಂದು ಮೂಲೆಮೂಲೆ ಹುಡುಕಿದ. ನಾನು ಕೈ ಕೆಳಗಿಟ್ಟುಕೊಂಡು, ಉಸಿರು ಬಿಗಿಹಿಡಿದು ಕದಲದೆ ನಿಂತಿದ್ದೆ. ಹಾವು ಸಿಗಲಿಲ್ಲ. ಸಂಜೆ ಇದನ್ನು ಕೇಳಿ ಪಕ್ಕದ ಮನೆಯಾಕೆ ನೆಲದ ಮೇಲೆ ಕುಳಿತು ನಕ್ಕಳು, ನಾನೂ ನಕ್ಕೆ, ಗಾಯದ ಕಲೆ ಬಿಗಿಯುವಷ್ಟು ನಕ್ಕೆ. ಮರುದಿನ ಆಕೆ ಸಾಸಿವೆಯ ಸುತ್ತ ಹತ್ತಿಯನ್ನೂ ಸೇರಿಸಿ ಸದ್ದು ಅಡಗಿಸಿದಳು.

ಇಷ್ಟರಲ್ಲಿ ಅಣ್ಣನ ಬಳಗದ ವಾರ್ಷಿಕೋತ್ಸವ ಬಂತು. ಹೃದಯದ ಆಪರೇಷನ್ ಗೆದ್ದವರಿಗೆ ಸನ್ಮಾನವಂತೆ. ಅದರಲ್ಲಿ ಹೆಂಗಸೆಂದರೆ ನಾನೊಬ್ಬಳೇ. “ಬರಂಗಿಲ್ಲ ಅಣ್ಣಾ,” ಎಂದೆ. “ಬ್ಯಾನರ್ ಹೊಡಿಸೀನಿ,” ಎಂದ. ಬ್ಯಾನರ್ ಹೊಡೆಸಿದ ಮೇಲೆ ನಮ್ಮ ಕಡೆ ಯಾವ ಕಾರ್ಯಕ್ರಮವನ್ನೂ ನಿಲ್ಲಿಸುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆವು. ನನ್ನ ಗಂಡ ದಾರಿಯುದ್ದಕ್ಕೂ ಹೊರಗಿನ ಭತ್ತದ ಗದ್ದೆಗಳನ್ನೇ ನೋಡುತ್ತಿದ್ದರು.

ಕಲ್ಯಾಣ ಮಂಟಪದ ವೇದಿಕೆಯ ಮೇಲೆ ನನ್ನ ದೊಡ್ಡ ಫೋಟೋ, ಕೆಳಗೆ ‘ಎದೆಗಾರ ಮಹಿಳೆ’ ಎಂದು ಬರೆದಿತ್ತು. ಅಕ್ಷರ ತಪ್ಪಿರಲಿಲ್ಲ. ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಎಡಗೈಯಲ್ಲಿ ಹಿಡಿಯಲು ಅಣ್ಣ ಬಿಡಲಿಲ್ಲ. ಆಮೇಲೆ ಮೈಕಿನಲ್ಲಿ, “ಈಗ ನಮ್ಮ ತಂಗಿ ನಮಗ ಕಲಿಸಿದ ವಿಶೇಷ ವ್ಯಾಯಾಮದ ಪ್ರದರ್ಶನ,” ಎಂದು ಘೋಷಿಸಿದ.

ಬಳಗದ ಸದಸ್ಯರು ಎದ್ದರು. ಧೋತರದವರು, ಪ್ಯಾಂಟಿನವರು, ಟ್ರ್ಯಾಕ್ ಸೂಟಿನವರು, ಎಲ್ಲರೂ ಹೊಟ್ಟೆಯವರು. ಸಭಿಕರಿಗೆ ಬೆನ್ನು ಹಾಕಿ ಮಂಟಪದ ಗೋಡೆಯುದ್ದಕ್ಕೂ ಸಾಲಾಗಿ ನಿಂತು, ಎಡಗೈ ಬೆರಳುಗಳನ್ನು ಜೇಡದಂತೆ ಮೇಲೆ ಹತ್ತಿಸತೊಡಗಿದರು. ಅಣ್ಣ ಮೈಕಿನಲ್ಲಿ “ನಿಧಾನ… ನಿಧಾನ… ರಕ್ತ ಇಳೀಲಿ,” ಎನ್ನುತ್ತಿದ್ದ. ನಿವೃತ್ತ ಹೆಡ್‌ಮಾಸ್ಟರೊಬ್ಬರು ಕುಳ್ಳಗಿದ್ದುದರಿಂದ ಪಕ್ಕದವರಿಗಿಂತ ಹಿಂದೆ ಬೀಳುತ್ತೇನೆಂದು ತುದಿಗಾಲಲ್ಲಿ ನಿಂತು ಜಿಗಿಯುತ್ತಿದ್ದರು.

ಅವರೆಲ್ಲ ನನ್ನ ಕಂಕುಳಿನ ವ್ಯಾಯಾಮ ಮಾಡುತ್ತಿದ್ದರು. ಅಷ್ಟು ಜನ ಗಂಡಸರು, ಅಷ್ಟು ಶ್ರದ್ಧೆಯಿಂದ. ಮೊದಲು ನಗು ಬಂತು. ಶಾಲನ್ನು ಬಾಯಿಗೆ ಒತ್ತಿಕೊಂಡೆ. ಆಮೇಲೆ ಅಳು ಬಂತು. ಎರಡೂ ಒಟ್ಟಿಗೆ ಬಂದು ತಡೆಯಲಾಗದೆ ಅಣ್ಣನ ಕೈಯಿಂದ ಮೈಕು ತೆಗೆದುಕೊಂಡೆ.

“ನನ್ನ ಹೃದಯಕ್ಕ ಏನೂ ಆಗಿಲ್ರಿ. ನನಗ ಆಗಿದ್ದು ಮೊಲಿ ಕ್ಯಾನ್ಸರ್. ಎಡಗಡೆದು ತೆಗದಾರ. ಈ ವ್ಯಾಯಾಮ ಅದನ್ನ ತೆಗೆಸಿಕೊಂಡವರಿಗೆ ಹೇಳೋದು.”

ಮೈಕು ಒಮ್ಮೆ ಕುಂಯ್ ಎಂದಿತು. ನಿರೂಪಣೆ ಮಾಡುತ್ತಿದ್ದವರು ಇನ್ನೊಂದು ಮೈಕಿನಲ್ಲಿ, “ಮೇಡಂ ಅವರು ಸಾಂಕೇತಿಕವಾಗಿ…” ಎಂದು ಶುರು ಮಾಡಿ ಮುಂದೆ ದಾರಿ ಕಾಣದೆ ನಿಂತರು. ಗೋಡೆಯ ಸಾಲಿನವರು ಬೆರಳನ್ನು ಇದ್ದಲ್ಲೇ ಇಟ್ಟುಕೊಂಡು ಕತ್ತು ಮಾತ್ರ ತಿರುಗಿಸಿ ನನ್ನನ್ನು ನೋಡುತ್ತಿದ್ದರು.

“ಹಂಗಾದ್ರ ನಾವು ಇಳೀಬೇಕೇನ್ರಿ?” ಎಂದು ಹೆಡ್‌ಮಾಸ್ಟರು ಕೇಳಿದರು.

ಅಣ್ಣ ಕುರ್ಚಿಯಲ್ಲಿ ಕುಸಿದು ನೆಲ ನೋಡುತ್ತಿದ್ದ. ಸಾಲಿನ ತುದಿಯಲ್ಲಿದ್ದ ದಪ್ಪನೆಯ ವ್ಯಾಪಾರಿಯೊಬ್ಬರು, “ನಾ ಇಳಿಯಂಗಿಲ್ಲ. ಇದ್ರಿಂದ ನನ್ನ ಭುಜದ ನೋವು ಹೋಗೇತಿ,” ಎಂದು ಒಂದು ಗೇಣು ಮೇಲೆ ಹತ್ತಿದರು.

ಮೈಕು ನನ್ನ ಕೈಯಲ್ಲೇ ಇತ್ತು. ಇಷ್ಟಾದ ಮೇಲೆ ನಿಲ್ಲಿಸುವುದರಲ್ಲಿ ಅರ್ಥವಿರಲಿಲ್ಲ. ಗಂಟು ಹೇಗಿರುತ್ತದೆ, ನೋವಿಲ್ಲದಿದ್ದರೂ ಯಾಕೆ ತೋರಿಸಬೇಕು, ಚರ್ಮ ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ ಸುಮ್ಮನಿರಬಾರದು, ಗಂಟೆಲ್ಲ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆದರೂ ಬೇಗ ಹೋದರೆ ಗುಣವಾಗುತ್ತದೆ ಎಂದೆಲ್ಲ ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಮುಂದಿನ ಸಾಲಿನ ಗಂಡಸರು ಫ್ಯಾನು ನೋಡುತ್ತಿದ್ದರು. ಹಿಂದಿನ ಸಾಲುಗಳಲ್ಲಿದ್ದ ಹೆಂಗಸರು ನನ್ನನ್ನು ನೋಡುತ್ತಿದ್ದರು.

ಊಟಕ್ಕೆ ಎಲೆ ಹಾಕುವಾಗ ಅತ್ತಿಗೆ ಬಂದು ನನ್ನ ಕೈ ಹಿಡಿದು, ಪಾತ್ರೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಕಡಾಯಿಗಳ ನಡುವೆ ನಿಂತು ಸೆರಗು ಸರಿಸಿ, ನನ್ನ ಕೈಯನ್ನು ತನ್ನ ಬಲಗಡೆಗೆ ಇಟ್ಟಳು. ನಿಂಬೆಕಾಯಿಯಷ್ಟಿತ್ತು.

“ಎಷ್ಟು ದಿನ ಆತು?” ಎಂದೆ.

“ಭಾಳ ದಿನ ಆತು.”

“ಯಾರಿಗೂ ಹೇಳಿಲ್ಲೇನು?”

“ಹೇಳಿದ್ನಲ್ಲಾ, ನಿಮ್ಮಣ್ಣಗ. ಎದ್ಯಾಗ ಗಟ್ಟಿ ಅನಸ್ತೈತಿ ಅಂದೆ. ಇಸಿಜಿ ತೆಗಿಸಿದ್ರು. ಎದಿ ಚಲೋ ಐತಿ, ಗ್ಯಾಸ್ ಅಂದ್ರು. ಬೆಳ್ಳುಳ್ಳಿ ತಿನಿಸಿದ್ರು.” ಆಕೆ ಸೆರಗು ಹೊದ್ದುಕೊಂಡಳು. “ನಿಮ್ಮನ್ನ ಆಸ್ಪತ್ರ್ಯಾಗ ನೋಡಿದಾಗ ನನಗ ಅನುಮಾನ ಬಂದಿತ್ತು. ಕೇಳಾಕ ಧೈರ್ಯ ಆಗ್ಲಿಲ್ಲ.”

ಹೊರಗೆ ಯಾರೋ ಸಾರಿನ ಬಕೆಟ್ಟಿಗಾಗಿ ಬಾಗಿಲು ಬಡಿಯುತ್ತಿದ್ದರು. ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ಮರುದಿನವೇ ಅತ್ತಿಗೆಯನ್ನು ಬಳ್ಳಾರಿಗೆ ಕರೆದುಕೊಂಡು ಬಂದೆ. ಅದೇ ಡಾಕ್ಟರು, ಅವೇ ಪರೀಕ್ಷೆಗಳು. ಕ್ಯಾನ್ಸರೇ ಆಗಿತ್ತು. ಕಂಕುಳಿಗೂ ಬಂದಿತ್ತು, ಆದರೆ ಅದರಾಚೆ ಎಲ್ಲಿಯೂ ಹೋಗಿರಲಿಲ್ಲ. ಗಂಟು ದೊಡ್ಡದಾದ್ದರಿಂದ ಮೊದಲು ಕೀಮೋ ಕೊಟ್ಟು ಕುಗ್ಗಿಸಿ, ಆಮೇಲೆ ಆಪರೇಷನ್, ಅದಾದ ಮೇಲೆ ವಿಕಿರಣ ಎಂದು ಡಾಕ್ಟರು ಹೇಳಿದರು. ನನ್ನ ಚಿಕಿತ್ಸೆಯ ಕ್ರಮವೇ ಬೇರೆ, ಆಕೆಯದೇ ಬೇರೆ. ಒಬ್ಬರಂತೆ ಇನ್ನೊಬ್ಬರಿಗಿಲ್ಲವಂತೆ. ಅಣ್ಣ ಪಕ್ಕದಲ್ಲಿ ಕುಳಿತು ಎಲ್ಲ ಕೇಳಿದ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತವನು, “ನಾ ಆಕೀಗೆ ಇಸಿಜಿ ತೆಗಿಸಿದೆ ತಂಗೀ,” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಹೇಳಿದ. ಅವನು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಸುದ್ದಿ ಕುರುಗೋಡಿಗೂ ಮುಟ್ಟಿತು. ಅತ್ತೆಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ನೆಲಗಡಲೆ ಬಿಡಿಸುತ್ತಲೇ ಕೇಳಿ, “ಲಾಡು ತಿಂದಾಗನ ಸುಳ್ಳು ಅಂತ ಗೊತ್ತಾತು. ಯಾವ ಸುಳ್ಳು ಅಂತ ಗೊತ್ತಾಗಿರಲಿಲ್ಲ,” ಎಂದರು. ಆಮೇಲೆ ನನ್ನ ಜಂಪರಿನ ಎಡಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಒಳಗೇನಿದೆ ಎಂದು ಕೇಳಿದರು. ಸಾಸಿವೆ ಎಂದೆ. “ವರ್ಷಕ್ಕೊಮ್ಮೆ ಬದಲಿ ಮಾಡು. ಹುಳ ಬೀಳ್ತಾವ,” ಎಂದರು.

ಅಣ್ಣ ಪೂರ್ತಿ ಬದಲಾದ ಎಂದು ಹೇಳಲಾರೆ. ಹೃದಯದಲ್ಲಿ ಇದ್ದಷ್ಟೇ ಉತ್ಸಾಹ ಈಗ ಈ ಕಡೆ ತಿರುಗಿತು. ಅತ್ತಿಗೆಗೆ ಕೀಮೋ ಹೋಗುತ್ತಿರುವಾಗ ಹೊರಗೆ ಕಾಯುವ ಜಾಗದಲ್ಲಿ ಅಪರಿಚಿತ ಗಂಡಸರ ನಡುವೆ ಕುಳಿತು, ಅಕ್ಕಿಯ ತಳಿಗಳನ್ನು ವಿವರಿಸುವ ಗಟ್ಟಿ ಧ್ವನಿಯಲ್ಲಿ, “ನಿಮ್ಮ ಮನಿಯವರದು ಹಾರ್ಮೋನ್ ಜಾತೀದೋ, ಅಲ್ಲೋ? ಎಡಗಡೆದೋ, ಬಲಗಡೆದೋ?” ಎಂದು ಕೇಳುತ್ತಿದ್ದ. ಕೆಲವರು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ಕೆಲವರು ಉತ್ತರ ಹೇಳುತ್ತಿದ್ದರು. ರಾರಾವಿಯ ರೈತರೊಬ್ಬರು ಮೂರು ಸಲ ಬಂದರೂ ಹೆಂಡತಿಗೆ ಏನಾಗಿದೆಯೆಂದು ತಮಗೆ ಸರಿಯಾಗಿ ಗೊತ್ತಿಲ್ಲವೆಂದರಂತೆ. ಅವರನ್ನು ಅಣ್ಣ ಕೈಹಿಡಿದು ಡಾಕ್ಟರ ಮುಂದೆ ಕೂರಿಸಿ ಬಂದ.

ಅತ್ತಿಗೆಯ ಗಂಟು ಕೀಮೋಗೆ ಕರಗಿ ಬಟಾಣಿಯಷ್ಟಾಯಿತು. ಆಪರೇಷನ್ ಚೆನ್ನಾಗಿ ಆಯಿತು. ವಿಕಿರಣಕ್ಕೆ ವಾರಗಟ್ಟಲೆ ಬೇರೆ ಊರಿನಲ್ಲಿ ರೂಮು ಮಾಡಿಕೊಂಡು ಇರಬೇಕಾಯಿತು. ಅಲ್ಲಿ ಅಣ್ಣ ಮೊದಲ ಸಲ ಅನ್ನ ಬೇಯಿಸಲು ಕಲಿತ. ಜೀವಮಾನವೆಲ್ಲ ಅಕ್ಕಿ ಮಾರಿದವನಿಗೆ ಎಷ್ಟು ನೀರು ಹಾಕಬೇಕೆಂದು ಗೊತ್ತಿರಲಿಲ್ಲ, ದಿನಾ ನನಗೆ ಫೋನ್ ಮಾಡಿ ಕೇಳುತ್ತಿದ್ದ. ಚಿಕಿತ್ಸೆ ಮುಗಿದು ಈಗ ಆಕೆಯೂ ನಿಗದಿಯಂತೆ ತಪಾಸಣೆಗೆ ಹೋಗುತ್ತಾಳೆ. ಮುಂದೆ ಏನೂ ಆಗುವುದಿಲ್ಲವೆಂದು ಡಾಕ್ಟರು ನಮ್ಮಿಬ್ಬರಿಗೂ ಬರೆದು ಕೊಟ್ಟಿಲ್ಲ. ಸದ್ಯಕ್ಕೆ ಇಬ್ಬರೂ ಚೆನ್ನಾಗಿದ್ದೇವೆ.

ಮೊನ್ನೆ ತಪಾಸಣೆಗೆಂದು ಅಣ್ಣನ ಜೊತೆ ಬಂದಿದ್ದ ಅತ್ತಿಗೆ ಆಸ್ಪತ್ರೆಯಿಂದ ಹೊರಗೆ ಬರುತ್ತಲೇ, “ಮಿರ್ಚಿ ತಿನ್ನೋಣ ನಡೀರಿ,” ಎಂದಳು. ಕೀಮೋ ಆದಾಗಿನಿಂದ ಅವಳ ನಾಲಿಗೆಗೆ ರುಚಿ ಸರಿಯಾಗಿ ಮರಳಿರಲಿಲ್ಲ. ಏನು ತಿಂದರೂ ಮಣ್ಣು ಎನ್ನುತ್ತಿದ್ದಳು. ರಸ್ತೆ ಬದಿಯ ಬಂಡಿಯ ಹತ್ತಿರ ನಿಂತೆವು. ಬಂಡಿಯವನು ಮಂಡಕ್ಕಿ ಒಗ್ಗರಣೆಯ ಮೇಲೆ ಬಿಸಿ ಮಿರ್ಚಿ ಬಜ್ಜಿ ಇಟ್ಟು ಕೊಟ್ಟ. ಅತ್ತಿಗೆ ಒಂದು ಕಚ್ಚಿ, ಅಗಿದು, ನಿಂತುಬಿಟ್ಟಳು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಅಣ್ಣ ಗಾಬರಿಯಿಂದ ಎದೆ ನೋಯುತ್ತಿದೆಯೋ, ಉಸಿರು ಕಟ್ಟಿತೋ ಎಂದು ಕೇಳುತ್ತ ಸುತ್ತಮುತ್ತ ಆಟೋ ಹುಡುಕತೊಡಗಿದ.

“ಸುಮ್ನಿರ್ರಿ,” ಎಂದಳು ಅತ್ತಿಗೆ, ಮೂಗು ಒರೆಸಿಕೊಳ್ಳುತ್ತ. “ಖಾರ ಐತಿ.” ಮತ್ತೆ ಒಂದು ಕಚ್ಚಿದಳು. “ಖಾರ ಗೊತ್ತಾಗಾಕ ಹತ್ತೇತ್ರಿ ನನಗ!”

ಬಂಡಿಯವನು ತನ್ನ ಮಿರ್ಚಿಯ ಬಗ್ಗೆ ದೂರು ಬಂತೆಂದು ತಿಳಿದು ಸಕ್ಕರೆ ತರಲು ಓಡಿದ. ಅತ್ತಿಗೆ ಅವನನ್ನು ಕೂಗಿ ಕರೆದು ಇನ್ನೊಂದು ತಟ್ಟೆ ಹಾಕು ಎಂದಳು.